ಹಳದಿ ದೀಪ ಮತ್ತು ನಮ್ಮ ಮನೆಯ ಸೋಮವಾರ

ನನಗೆ ಹಾವಿನ ಹೆದರಿಕೆ ಇಲ್ಲ. ಹೆಂಡತಿಯ ಹೆದರಿಕೆಯೂ ಒಂದು ಮಿತಿಯಲ್ಲಿದೆ (ಅವಳು ಇದನ್ನು ಓದಲಾರಳು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ). ಆದರೆ ನಮ್ಮ ಹಳೆಯ ಪಿಕಪ್ ಗಾಡಿಯಲ್ಲಿ ಎಂಜಿನ್ನಿನ ಆಕಾರದ ಆ ಹಳದಿ ದೀಪ ಹೊತ್ತಿಕೊಂಡಿತೆಂದರೆ ನನಗೆ ಮುಂದೆ ಹೋಗುವ ಎತ್ತಿನ ಬಂಡಿಯನ್ನು ಹಿಂದೆ ಹಾಕುವ ಧೈರ್ಯವೂ ಉಳಿಯುವುದಿಲ್ಲ.

ದೀಪ ಹತ್ತುತ್ತಿದ್ದುದು ಮಂಗಳವಾರ, ಇಲ್ಲವೇ ಬುಧವಾರ. ಬೈಲಹೊಂಗಲದ ಮೆಕ್ಯಾನಿಕ್ ಕಲ್ಮೇಶ ತನ್ನ ಯಂತ್ರವನ್ನು ಗಾಡಿಗೆ ಜೋಡಿಸಿ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ.

"ಹೊಗಿ ತಿರಗಿ ಎಂಜಿನ್ನಿಗೆ ಕಳಸೂ ವಾಲ್ವಿಂದ ತಕರಾರು ಬರಾಕತ್ತೇತ್ರಿ ಸರ. ವಾಲ್ವ್ ತೊಳದೇನಿ, ದೀಪಾನೂ ಅಳಿಸೇನಿ. ಒಳಗ ಹೋಗೂ ಗಾಳಿ ಲೆಕ್ಕ ತಪ್ಪಿದ್ರೂ ಇದ ತಕರಾರು ಬರತೈತಿ. ಮನ್ಯಾಗ ಏನರ ಮಾಡ್ತೀರೇನು ಇದಕ್ಕ?"

ಮನೆಯವರು ಮಾಡುವುದನ್ನೆಲ್ಲ ನಾನು ಒಂದೂ ಬಿಡದೆ ವಿವರಿಸಿದೆ. ದೊಡವಾಡದ ನಮ್ಮ ಮನೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಎತ್ತು ಹೋಗಿ ಪಿಕಪ್ ಬಂದರೂ ಪದ್ಧತಿ ಹೋಗಲಿಲ್ಲ. ಸೋಮವಾರ ಗಾಡಿಗೆ ರಜೆ, ಮೈತೊಳೆತ, ಪೂಜೆ. ನಮ್ಮವ್ವ ರಾಚವ್ವ ಬಾನೆಟ್ ತೆಗೆಸಿ ಎಂಜಿನ್ನಿಗೇ ವಿಭೂತಿ ಹಚ್ಚುತ್ತಾಳೆ. ನನ್ನ ಹೆಂಡತಿ ಅನ್ನಪೂರ್ಣಾ ಲೋಬಾನದ ಹೊಗೆ ಹಾಕುತ್ತಾಳೆ. ಮೇಲೆ ತೆಂಗಿನಕಾಯಿಯ ನೀರು. ಇಷ್ಟು ಭಕ್ತಿಯನ್ನು ಯಾವ ಎಂಜಿನ್ ತಡೆದೀತು?

ನಾನು ಬಿ.ಎಸ್ಸಿ. ಓದಿದವನು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು ಎಂಬುದು ಪ್ರಯೋಗದ ಮೊದಲ ನಿಯಮ. ಹೀಗಾಗಿ ಮೊದಲ ಸೋಮವಾರ ವಿಭೂತಿ ನಿಷೇಧಿಸಿದೆ.

"ಬಸವಣ್ಣನ ವಾರ ಈಬತ್ತಿ ಬ್ಯಾಡಂತೀಯಲೋ? ನಿನ್ನ ಕಾಲೇಜಿಗೆ ಕಳಿಸಿದ್ದ ನಂದ ತಪ್ಪು ನೋಡು!" ಎಂದಳು ಅವ್ವ.

ಮಂಗಳವಾರ ದೀಪ ಹತ್ತಿತು. ಮುಂದಿನ ವಾರ ಲೋಬಾನ ನಿಂತಿತು. ದೀಪ ಹತ್ತಿತು. ಆಮೇಲೆ ತೆಂಗಿನಕಾಯಿ. ದೀಪ ಹತ್ತಿತು. ಮನೆಯ ಹೆಂಗಸರು ಮಾತು ಬಿಟ್ಟರು. ನನಗೆ ಸಾರಿನ ಬದಲು ಮಜ್ಜಿಗೆ ಬರತೊಡಗಿತು.

ಇಂಥ ಹೊತ್ತಿನಲ್ಲೇ ಮಗಳು ಐಶ್ವರ್ಯಾಳ ಸೀಮಂತದ ಕುಬಸಕ್ಕೆ ದಿನ ಗೊತ್ತಾಯಿತು. ನೇಸರಗಿಯಲ್ಲಿ ಬೀಗರ ಮನೆ. ಚೊಚ್ಚಲ ಬಸುರಿ. ಹಸಿರು ಸೀರೆ, ಬಳೆ, ಊರಿಗೆಲ್ಲ ಉಣಬಡಿಸುವಷ್ಟು ಬುತ್ತಿ, ಎಲ್ಲವೂ ತವರಿನಿಂದಲೇ ಹೋಗಬೇಕು. ನಮ್ಮ ಬಳಗ ಮುಂಚೆಯೇ ಬಸ್ಸಿನಲ್ಲಿ ಹೋಯಿತು. ಬುತ್ತಿಯ ಬುಟ್ಟಿಗಳ ಜೊತೆ ನಾವು ಮೂವರು ಪಿಕಪ್ಪಿನಲ್ಲಿ. ಗಾಡಿ ನಿಂತರೆ ಬೀಗರ ಅಂಗಳದಲ್ಲಿ ಹಸಿದ ಪಂಕ್ತಿ, ನಡುವೆ ಬರಿಗೈಯಲ್ಲಿ ಕುಳಿತ ನನ್ನ ಮಗಳು.

ಬುಧವಾರ ಅದು. ಬೈಲಹೊಂಗಲ ದಾಟಿ ಏರು ಹತ್ತುವಾಗ ದೀಪ ಹೊತ್ತಿಕೊಂಡಿತು. ನಾನು ಕರವಸ್ತ್ರದಿಂದ ಅದನ್ನು ಮುಚ್ಚಿದೆ.

"ಮುಚ್ಚಿದ್ರ ಆರತೈತೇನ್ರಿ?" ಎಂದಳು ಅನ್ನಪೂರ್ಣಾ.

ಆರಲಿಲ್ಲ. ಗಾಡಿಯ ಎಳೆತ ಕುಗ್ಗಿತು, ಹಿಂದೆ ಕಪ್ಪು ಹೊಗೆ ಎದ್ದಿತು. ಸೈಕಲ್ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡವನೊಬ್ಬ ನಮ್ಮನ್ನು ದಾಟಿ, ಹೊರಳಿ ನೋಡಿ, ಮುಂದೆ ಹೋದ. ಬದಿಗೆ ನಿಲ್ಲಿಸಿದೆ.

"ಈ ವಾರ ಯಾರು ಏನು ಹಚ್ಚಿದ್ರಿ? ಖರೇ ಹೇಳ್ರಿ!" ಎಂದು ಕೂಗಿದೆ.

"ನಾ ಮುಟ್ಟಿಲ್ಲಪಾ. ದೂರಿಂದ ಶರಣು ಮಾಡೇನಿ, ಅಷ್ಟ. ಅದಕ್ಕೂ ದೀಪ ಹತ್ತತೈತೇನು?" ಎಂದಳು ಅವ್ವ.

"ನಾನೂ ಏನೂ ಹಾಕಿಲ್ಲ. ಮತ್ತ ನೀವು?" ಎಂದಳು ಅನ್ನಪೂರ್ಣಾ.

"ನಾನ? ನಾ ಏನ್ ಮಾಡತೇನಿ? ಫಿಲ್ಟರಿಗೆ ಒಂದೀಟು ಎಣ್ಣಿ."

"ಎಣ್ಣಿ?"

"ಕುಸುಬಿ ಎಣ್ಣಿ. ಗಾಳಿ ಫಿಲ್ಟರಿಗೆ. ಧೂಳು ಅಂಟಿಕೊಳ್ಳಲಿ ಅಂತ. ನಮ್ಮ ಹಳೇ ಟ್ರ್ಯಾಕ್ಟರಿಗೆ ಅಪ್ಪ ಎಣ್ಣಿ ಬಟ್ಟಲಾನ ಇಟ್ಟಿದ್ದನಲ್ಲ! ಪ್ರತಿ ಸೋಮವಾರ ತಪ್ಪದ ಹಚ್ಚತೇನಿ."

"ಎಲ್ಲಾರದೂ ಬಂದ್ ಮಾಡಿಸಿದ್ರಿ. ಇದನ್ಯಾಕ ಮಾಡಲಿಲ್ಲ?"

ಉಳಿದವರು ಮಾಡುತ್ತಿದ್ದುದು ಪೂಜೆ, ನಾನು ಮಾಡುತ್ತಿದ್ದುದು ವಿಜ್ಞಾನ. ಅನುಮಾನ ನನ್ನ ಕಡೆ ತಿರುಗಿಯೇ ಇರಲಿಲ್ಲ.

ಬಾನೆಟ್ ಎತ್ತಿ ಡಬ್ಬಿ ಬಿಚ್ಚಿದೆ. ಟ್ರ್ಯಾಕ್ಟರಿನದು ಎಣ್ಣೆಗಾಗಿಯೇ ಮಾಡಿದ ಬಟ್ಟಲು. ಇಲ್ಲಿರುವುದು ಒಣ ಕಾಗದದ ಫಿಲ್ಟರು. ಅದರ ಹಿಂದೆ ಗಾಳಿ ಅಳೆಯುವ ಕೂದಲೆಳೆಯಂಥ ತಂತಿಯ ಮಾಪಕ. ಫಿಲ್ಟರಿನಿಂದ ಹಾರಿದ ಎಣ್ಣೆ ಆ ತಂತಿಗೆ ಮೆತ್ತಿಕೊಂಡು, ಅದರ ಮೇಲೆ ಧೂಳು ಕೂತು, ಮಾಪಕ ಬಾಯಿಗೆ ಬಂದ ಲೆಕ್ಕ ಹೇಳುತ್ತಿತ್ತು. ಆ ಲೆಕ್ಕ ನಂಬಿ ಎಂಜಿನ್ನು ಪಾಪದ ವಾಲ್ವಿನ ಮೇಲೆ ದೂರು ಕೊಡುತ್ತಿತ್ತು. ನಾನು ಆ ದೂರು ನಂಬಿ ತಾಯಿಯ ವಿಭೂತಿ ನಿಲ್ಲಿಸಿದ್ದೆ.

ಕಲ್ಮೇಶನಿಗೆ ಫೋನ್ ಹಚ್ಚಿದೆ. "ಆ ಮಾಪಕದ ಪ್ಲಗ್ ಕಿತ್ತು ಹೋಗ್ರಿ ಸರ, ಎಂಜಿನ್ ತನ್ನ ಅಂದಾಜಿನ ಮ್ಯಾಲ ಓಡತೈತಿ. ನಾಳೆ ತರ್ರಿ, ತೊಳದ ಕೊಡತೇನಿ" ಎಂದ. ಕಿತ್ತೆ. ದೀಪ ಆರಲಿಲ್ಲ, ಆದರೆ ಎಳೆತ ಬಂತು. ಅವ್ವ ದಾರಿಯುದ್ದಕ್ಕೂ ಶಿವನಾಮ ಹೇಳಿದಳು. ನಾನೂ ಸಣ್ಣ ದನಿಯಲ್ಲಿ ಕೂಡಿಕೊಂಡೆ (ಪ್ರಯೋಗಕ್ಕಾಗಿ ಅಲ್ಲ).

ಪಂಕ್ತಿ ಕೂಡ್ರುವ ಹೊತ್ತಿಗೆ ಸರಿಯಾಗಿ ತಲುಪಿದೆವು. ಹಸಿರು ಸೀರೆ ಉಟ್ಟ ಮಗಳನ್ನು ನೋಡಿ ನನ್ನ ಎದೆ ಹಗುರಾಯಿತು. ಹೋಳಿಗೆ ಬಾಯಿಗಿಟ್ಟೆನೋ ಇಲ್ಲವೋ, ಬೀಗರಾದ ನಿಜಗುಣಪ್ಪನವರು ಪಕ್ಕಕ್ಕೆ ಬಂದು ಕೂತರು.

"ಬೀಗ್ರ, ನೀವು ಸೈನ್ಸ್ ಓದಿದವರು, ಒಂದು ಕೇಳತೇನಿ. ನಮ್ಮ ಗಾಡ್ಯಾಗೂ ಅದೇನೋ ಹಳದಿ ದೀಪ ಹತ್ತಾಕತ್ತೇತ್ರಿ. ಯಾವನೋ ಶಾಣ್ಯಾ ನಮ್ಮ ಡ್ರೈವರಗ ಹೇಳ್ಯಾನಂತ, ಫಿಲ್ಟರಿಗೆ ಎಣ್ಣಿ ಹಚ್ಚು ಅಂತ. ಹೆಸರ ಕೇಳಿದ್ರ ಡ್ರೈವರ ಬಾಯಿ ಬಿಡವಲ್ಲ. ಅವ ಸಿಗಲಿ, ಅದ ಎಣ್ಣಿ ಅವನ ನೆತ್ತಿಗೆ ತಟ್ಟತೇನಿ!"

ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಳಿಸಿದೆ. ಯುಗಾದಿಗೆ ಬಂದಾಗ ಇದೇ ಅಂಗಳದಲ್ಲಿ ಆ ಡ್ರೈವರನನ್ನು ನಿಲ್ಲಿಸಿಕೊಂಡು ಸುದೀರ್ಘ ಉಪನ್ಯಾಸ ಕೊಟ್ಟವನು ಯಾರೆಂದು ಡ್ರೈವರನನ್ನು ಬಿಟ್ಟರೆ ಇಡೀ ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಒಬ್ಬನಿಗೇ ಅಲ್ಲ. ತುಪ್ಪ ಬಡಿಸುತ್ತಿದ್ದ ಅನ್ನಪೂರ್ಣಾ ನನ್ನ ಮುಖ ನೋಡಿದಳು. ಸಾವಕಾಶ ನೋಡಿದಳು. ಎಲ್ಲ ಓದಿಕೊಂಡಳು.

"ಎಣ್ಣಿ ಹಚ್ಚೂದು ಬಿಡಸ್ರಿ ಅಣ್ಣಾರ, ಹೊಸಾ ಫಿಲ್ಟರ್ ಹಾಕಸ್ರಿ, ಆ ಗಾಳಿ ಅಳಿಯೂದನ್ನ ತೊಳಸ್ರಿ. ನಮ್ಮವರ ಕಂಡಹಿಡದಾರ" ಎಂದು ನನ್ನ ಎಲೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು.

"ಭೇಷ್! ಓದಿದವರಂದ್ರ ಹಿಂಗಿರಬೇಕು!" ಎಂದು ಬೀಗರು ನನ್ನ ಬೆನ್ನು ತಟ್ಟಿದರು. ಪಂಕ್ತಿಯೆಲ್ಲ ನನ್ನತ್ತ ಗೌರವದಿಂದ ನೋಡಿತು. ಅಷ್ಟು ತುಪ್ಪವನ್ನು ನನಗೆ ಯಾರೂ ಬಿಟ್ಟಿ ಬಡಿಸುವುದಿಲ್ಲ ಎಂಬ ಭಯ ಆಗಲೇ ಶುರುವಾಗಿತ್ತು.

ಕಲ್ಮೇಶ ಮಾಪಕ ತೊಳೆದುಕೊಟ್ಟ ಮೇಲೆ ಗಾಡಿಯ ದೀಪ ಮತ್ತೆ ಹತ್ತಿಲ್ಲ. ನಿನ್ನೆ ಸಂಜೆ ನಾನು ಕಟ್ಟೆಯ ಮೇಲೆ ಕಾಲು ಚಾಚಿ, "ಬೆಳ್ಳುಳ್ಳಿ ಬಿಡಿಸೂದು ಗಂಡಸರ ಕೆಲಸಲ್ಲ" ಎಂದು ಗಟ್ಟಿಯಾಗಿಯೇ ಹೇಳಿದೆ. ಅನ್ನಪೂರ್ಣಾ ಜಗಳಕ್ಕೆ ಬರಲಿಲ್ಲ. ಮೊಬೈಲು ಕೈಗೆತ್ತಿಕೊಂಡು, "ಇರಲಿ ಬಿಡ್ರಿ. ನೇಸರಗಿ ಬೀಗರಿಗೆ ಫೋನ್ ಹಚ್ಚಿ ಭಾಳ ದಿವಸಾತು" ಎಂದಳು.

"ಎಷ್ಟು ಗಡ್ಡಿ ಬಿಡಿಸ್ಲಿ?" ಎಂದು ಕೇಳಿದೆ.