ಏಳು ಕಳೆದರೆ ಮೊದಲು ಹುಡುಕಬೇಕು

ನಮ್ಮ ಸೋದರಮಾವನಿಗೆ ಎಣಿಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿ ಬರುತ್ತದೆ. ಎಣಿಸುವುದಿಲ್ಲ, ಅಷ್ಟೇ! ಜನ್ಮವೆಲ್ಲ ಕುರಿ ಸಾಕಿದ ಈ ಮನುಷ್ಯ ತಮ್ಮ ಮಂದೆಯಲ್ಲಿ ಎಷ್ಟು ಕುರಿಗಳಿವೆ ಎಂದು ಒಂದು ದಿನವೂ ಲೆಕ್ಕ ಹಾಕಿದವರಲ್ಲ. ಎಣಿಸಿದರೆ ಕಮ್ಮಿಯಾಗುತ್ತವಂತೆ! ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರಕ್ಕೆ ನಿಂತು, ಎಣಿಸಿದ್ದನ್ನೇ ಮತ್ತೆ ಎಣಿಸಿ ಮೇಲೆ ಬಂದ ನನ್ನಂಥವನಿಗೆ ಇಂಥ ಮಾವ!

ಅವರ ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರು ಹೇಳಬಾರದೆಂದು ನಮ್ಮ ಅತ್ತೆಯೇ ಮದುವೆಯಾದಾಗಿನಿಂದ ಅದನ್ನು ಬಾಯಿಗೆ ತಂದಿಲ್ಲ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ಕಾರ್ಡನ್ನು ಮುಂದೆ ತಳ್ಳಿ, “ಅದ್ರಾಗೈತೆ, ನೋಡ್ಕಳಪ್ಪ” ಎನ್ನುತ್ತಾರೆ. ಆಕೆ ಹೇಳದ್ದನ್ನು ನಾನು ಅಚ್ಚು ಹಾಕಿಸಲೇ?

ಒಮ್ಮೆ ಪಶು ಆಸ್ಪತ್ರೆಯ ಡಾಕ್ಟರು ಲಸಿಕೆ ವಿಚಾರವಾಗಿ ಬಂದಿದ್ದರು.

“ಎಷ್ಟು ಕುರಿ ಅವೆ ಅಜ್ಜ?”

“ಇರೋವಷ್ಟು ಅವೆ.”

“ಹಂಗಂದ್ರೆ ಔಷಧಿ ಎಷ್ಟು ತರ್ಲಿ?”

“ಎಲ್ಲಕ್ಕೂ ಆಗೋವಷ್ಟು ತಗಂಡ್ ಬಾ!”

ಹಾಗಾದರೆ ಒಂದು ಕುರಿ ತಪ್ಪಿಸಿಕೊಂಡರೆ ತಿಳಿಯುವುದು ಹೇಗೆ? ಅದೇ ಸೋಜಿಗ. ಸಂಜೆ ಮಂದೆ ವಾಪಸು ಬಂದಾಗ ಮಾವ ರೊಪ್ಪದ, ಅಂದರೆ ಮುಳ್ಳುಬೇಲಿಯ ದೊಡ್ಡಿಯ, ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಳಗೆ ಹೋಗುವ ಒಂದೊಂದರ ತಲೆಯನ್ನೂ ಮುಟ್ಟಿ ಹೆಸರು ಹಿಡಿದು ಕೂಗುತ್ತಿದ್ದರು. “ಕೆಂದಿ... ಬಂತು. ಕರಿಮೋರೆ... ಬಂತು. ಮೋಟುಕಿವಿ... ಬಂತು.” ಕೊನೆಯದು ಹೋದ ಮೇಲೆ “ಬೆಳ್ಳಿ ಬಂದಿಲ್ಲ” ಎಂದು ಕೋಲು ಹಿಡಿದು ಹೊರಟರೆ, ಬೆಳ್ಳಿ ಎಲ್ಲೋ ಜಾಲಿ ಮೆಳೆಯಲ್ಲಿ ಸಿಕ್ಕಿಕೊಂಡೇ ಇರುತ್ತಿತ್ತು.

ಕುರಿಗಳ ಮುಖ ಇಷ್ಟು ಚೆನ್ನಾಗಿ ಬಲ್ಲವರಿಗೆ ಮನುಷ್ಯರ ಮುಖವೂ ಕುರಿಯ ಹಾಗೇ ಕಂಡರೆ ತಪ್ಪೇನು? ನನಗೆ ಹೆಣ್ಣು ನೋಡಲು ಹೊಳಲ್ಕೆರೆ ಕಡೆಗೆ ಹೋಗಿದ್ದೆವು. ಹುಡುಗಿ ಕಾಫಿ ತಂದಿಟ್ಟಳು. ಮಾವ ಲೋಟ ಎತ್ತುವ ಮೊದಲೇ, “ಲೇ ಅಳಿಯಾ, ಹುಡ್ಗಿ ಥೇಟು ನಮ್ಮ ಚಂದ್ರಿ ಇದ್ದಂಗವ್ಳೆ. ಒಪ್ಕ!” ಎಂದರು. ಚಂದ್ರಿ ಯಾರೆಂದು ಬೀಗರು ಕೇಳಿದರು. ಮಾವ ಹೇಳಿಯೇಬಿಟ್ಟರು! ಅಲ್ಲಿಂದ ಮದುವೆ ಕುದುರಿಸಿಕೊಂಡು ಬಂದದ್ದು ನನ್ನ ವ್ಯಾಪಾರದಲ್ಲೇ ದೊಡ್ಡ ವ್ಯಾಪಾರ ಎಂದು ಈಗಲೂ ಹೇಳುತ್ತೇನೆ. ಚಂದ್ರಿ ಬರೀ ಕುರಿಯಲ್ಲ, ಎಂಥ ಬೆಲೆ ಬಂದರೂ ಮಾವ ಮಾರದೆ ಉಳಿಸಿಕೊಂಡ ಕುರಿ ಎಂಬುದು ನನ್ನ ಹೆಂಡತಿಗೆ ತಿಳಿಯುವಷ್ಟರಲ್ಲಿ ನಮಗೆ ಎರಡು ಮಕ್ಕಳಾಗಿದ್ದವು.

ಇಂಥ ಮಾವನ ಮನೆಗೆ ಒಂದು ಬೆಳಿಗ್ಗೆ ಪಕ್ಕದ ಹೊಲದವನು ಬಂದ. “ನಮ್ಮ ಟಗರು ರಾತ್ರಿಯೆಲ್ಲ ನಿಮ್ ರೊಪ್ಪದಾಗೇ ಐತೆ, ಬಿಡ್ರಿ” ಎಂದ. ಆಗ ಅಲ್ಲೇ ಇದ್ದ ನಾನು ನಕ್ಕುಬಿಟ್ಟೆ. ನಮ್ಮ ಮಾವನ ಕೈ ದಾಟಿ ಬೇರೆಯವರ ಕುರಿ ಒಳಗೆ ಹೋಗುವುದೆಂದರೇನು! ಹೋಗಿ ನೋಡಿದರೆ ನಿಜ. ಕೊಂಬಿಗೆ ಕೆಂಪು ಬಣ್ಣ ಬಳಿದ ಟಗರು ನಡುವೆಯೇ ನಿಂತಿತ್ತು. ಮಾವ ಅದನ್ನು ದಿಟ್ಟಿಸಿ ನೋಡಿ, ಆಮೇಲೆ ತಮ್ಮ ಕುರಿಗಳನ್ನು ನೋಡಿ, “ಇವೆಲ್ಲ ಯಾರವ್ಲೇ?” ಎಂದು ಕೇಳಿದರು.

ಆಗ ಮಾತ್ರ ನನಗೆ ನಗು ಬರಲಿಲ್ಲ.

ಅದೇ ಸುಮಾರಿಗೆ, ವಯಸ್ಸಾದವರ ಮಿದುಳಿನ ಬಗ್ಗೆ ಸಂಶೋಧನೆ ಮಾಡುವವರು ನಮ್ಮ ಕಡೆಯ ಹಳ್ಳಿಗಳಿಗೆ ಬರುತ್ತಿದ್ದರು. ಅವರಲ್ಲಿ ಮುಂದೆ ನಿಂತು ಎಲ್ಲ ನಡೆಸುತ್ತಿದ್ದವಳು ಹಿರಿಯೂರು ಕಡೆಯ ಹುಡುಗಿ. ದೊಡ್ಡ ಓದು ಓದಿದ್ದರೂ ಮಾತು ನಮ್ಮದೇ. ಬಿಟ್ಟಿ ಪರೀಕ್ಷೆ ಎಂದಮೇಲೆ ಬಿಡುವವನೇ ನಾನು? ಮಾವನನ್ನು ಸಮುದಾಯ ಭವನದಲ್ಲಿ ಕೂರಿಸಿದೆ.

“ಅಜ್ಜ, ನೂರರಲ್ಲಿ ಏಳು ಕಳೀರಿ ನೋಡಾಣ” ಎಂದಳು ಹುಡುಗಿ.

“ನಾನ್ಯಾಕೆ ಕಳೀಲವ್ವ?”

“ಸುಮ್ನೆ ಲೆಕ್ಕಕ್ಕೆ ಅಜ್ಜ. ನೂರಿದ್ವು ಅಂದ್ಕಳ್ರಿ. ಏಳು ಹೋದ್ವು. ಎಷ್ಟುಳೀತು?”

ಮಾವ ಗಾಬರಿಯಿಂದ ಎದ್ದೇಬಿಟ್ಟರು. “ಏಳು ಹೋದ್ವಾ? ಹೋದ್ವು ಅಂತ ಇಲ್ಲಿ ಕುಂತೀಯಲ್ಲ ತಾಯಿ! ಮೊದ್ಲು ಹುಡುಕ್ಬೇಕು, ಆಮೇಲೆ ಲೆಕ್ಕ!” ಎಂದು ಕೋಲಿಗೆ ಕೈ ಹಾಕಿದರು.

ಸುತ್ತ ಇದ್ದವರೆಲ್ಲ ನಕ್ಕರು. ಹುಡುಗಿ ನಗಲಿಲ್ಲ. “ಮೇಡಂ, ಉತ್ತರ ಸರಿಯಾಗೇ ಐತಲ್ಲ, ಅರ್ಧ ಮಾರ್ಕಾದ್ರೂ ಹಾಕ್ರಿ” ಎಂದು ನಾನು ಚೌಕಾಸಿಗಿಳಿದೆ. “ಒಂದ್ಸಲ ಚಿತ್ರದುರ್ಗಕ್ಕೆ ಕರ್ಕಂಡ್ ಬರ್ರಿ ಅಣ್ಣಾ, ತಲೆ ಸ್ಕ್ಯಾನ್ ಮಾಡಾಣ” ಎಂದಳು.

ಸ್ಕ್ಯಾನಿಂಗ್‌ಗೆ ಹೋಗುವವರಿಗೆ ನನ್ನದೊಂದು ಬುದ್ಧಿಮಾತು: ಮೈಮೇಲಿನ ಲೋಹವನ್ನೆಲ್ಲ ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ನಮ್ಮ ಮಾವನ ಕಿವಿಯ ಒಂಟಿ ಮದುವೆಯಲ್ಲಿ ಹಾಕಿದ್ದು, ಚರ್ಮದ ಜೊತೆ ಬೆಳೆದುಬಿಟ್ಟಿತ್ತು. ದುರ್ಗದ ಬೀದಿಯಲ್ಲಿ ಅಕ್ಕಸಾಲಿಗರ ಅಂಗಡಿ ಹುಡುಕಿ ಕತ್ತರಿಸಿ ತೆಗೆಸಬೇಕಾಯಿತು. ಅತ್ತೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಇನ್ನೊಂದು ಗಲಾಟೆ ಕಂಬಳಿಯದು. ಹೊದ್ದೇ ಮಲಗುತ್ತೇನೆ ಎಂದರು ಮಾವ. ಕಡೆಗೆ ಕಾಲಿನ ಮೇಲೆ ಹೊದಿಸಿ ಒಳಗೆ ಬಿಟ್ಟರು. ಯಂತ್ರ ದಡದಡ ಶುರುವಾಯಿತು. ಹೊರಗೆ ಕೂತಿದ್ದ ನಾವೇ ಕಿವಿ ಮುಚ್ಚಿಕೊಂಡೆವು. ಮುಗಿದ ಮೇಲೆ ಮಾವ ಎದ್ದು ಕುಳಿತು ಕೇಳಿದ್ದೇನು ಗೊತ್ತೇ?

“ಒಳ್ಳೆ ಬೋರ್ ಕೊರೆದಂಗಾತಲ್ಲವ್ವ! ಎಷ್ಟಡಿಗೆ ನೀರು ಬಿತ್ತು?”

ಹುಡುಗಿ ನನ್ನನ್ನು ಒಳಗೆ ಕರೆದು ಪರದೆಯ ಮೇಲೆ ಚಿತ್ರ ತೋರಿಸಿದಳು. ವಿವರಿಸಲು ಬಾಯಿ ತೆರೆದಳು. ವಿವರಿಸುವುದು ಬೇಕಿರಲಿಲ್ಲ. ಕಾಯಿ ಒಡೆಯದೆ ಒಳಗೇನಾಗಿದೆ ಎಂದು ಹೇಳುವುದೇ ನನ್ನ ದಂಧೆ. ಹಸಿ ಕಾಯಿಯಲ್ಲಿ ತಿರುಳು ಚಿಪ್ಪಿಗೆ ಅಂಟಿಕೊಂಡಿರುತ್ತದೆ. ಅಟ್ಟದ ಮೇಲೆ ಒಣಗುತ್ತಾ ಒಣಗುತ್ತಾ ಸಣ್ಣದಾಗಿ, ಚಿಪ್ಪನ್ನು ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಗುಡುಗುಡು ಎನ್ನುತ್ತದೆ. ಆ ಸದ್ದು ಕೇಳಿದರೆ ನನಗೆ ಯಾವಾಗಲೂ ಖುಷಿ. ಕೊಬ್ಬರಿ ಆಯಿತು ಎಂದರ್ಥ. ಪರದೆಯ ಮೇಲೆ ಮಾವನ ತಲೆಬುರುಡೆಗೂ ಒಳಗಿನ ತಿರುಳಿಗೂ ನಡುವೆ ಕಪ್ಪನೆಯ ಜಾಗ ಬಿಟ್ಟಿತ್ತು.

“ಇಂಥ ಚಿತ್ರಗಳನ್ನ ಕಂಪ್ಯೂಟರಿಗೆ ಹಾಕ್ತೀವಿ ಅಣ್ಣಾ” ಎಂದಳು. “ಸಾವಿರಾರು ಜನರದು. ಅದು ಮಿದುಳಿನ ಒಂದು ಮಾದರಿ ಕಟ್ಟುತ್ತೆ. ಯಾವ ಭಾಗ ಮೊದ್ಲು ಸವೀತದೆ, ಆಮೇಲೆ ಯಾವುದು ಅಂತ ತೋರಿಸ್ತದೆ.”

“ಮುಂದಿಂದೂ ಹೇಳುತ್ತಾ?”

“ಅಂದಾಜು.”

ಅಂದಾಜು ಎಂದರೆ ವ್ಯಾಪಾರ ಕುದುರುವ ಜಾಗ. ಕುರ್ಚಿ ಮುಂದಕ್ಕೆಳೆದುಕೊಂಡೆ. “ಇನ್ನೊಂದು ಹತ್ತು ವರ್ಷ ನಮ್ಮ ಗುರುತು ಹಿಡೀತಾರಲ್ಲ?”

“ಅದು ಎಲ್ಲರನ್ನೂ ಸೇರಿಸಿ ಮಾಡಿದ ಲೆಕ್ಕ ಅಣ್ಣಾ. ಒಬ್ಬರ ಜಾತಕ ಅಲ್ಲ.”

“ಏಳು?”

ಅವಳು ಮಾತಾಡಲಿಲ್ಲ.

“ಹೋಗ್ಲಿ, ಐದು ಮಾಡ್ಕಳಮ್ಮ. ನಂದೂ ಬ್ಯಾಡ, ನಿಂದೂ ಬ್ಯಾಡ.”

ಎದುರಿನವರು ಸುಮ್ಮನಾದರೆ ಅದೂ ಒಂದು ಪಟ್ಟು, ನಾವೂ ಸುಮ್ಮನಿರಬೇಕು ಎಂದು ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ. ಆದರೆ ಆ ಹುಡುಗಿಯ ಕಣ್ಣು ತುಂಬಿಕೊಂಡಿತ್ತು. “ಈಗಿನ ಚಿತ್ರ ಅಜ್ಜಂಗೆ ಉಪಯೋಗ ಆಗೋದು ಕಷ್ಟ ಅಣ್ಣಾ. ಮುಂದಿನೋರಿಗೆ ಆಗ್ಬಹುದು” ಎಂದಳು. ಏನೂ ಕುದುರಿಸದೆ ನಾನು ಎದ್ದು ಬಂದದ್ದು ಅಲ್ಲಿಂದ ಮಾತ್ರ.

ಹೊರಗೆ ಬೆಂಚಿನ ಮೇಲೆ ಮಾವನ ಕಂಬಳಿ ಮಡಿಸುತ್ತಿದ್ದ ಅತ್ತೆ ಕೇಳಿದ್ದು ಒಂದೇ ಮಾತು. “ನನ್ ಗುರುತಾದ್ರೂ ಇರುತ್ತಂತೇನಪ್ಪ?”

“ಬಸ್ಸಿಗೆ ಹೊತ್ತಾತು, ಹೋಗಾಣ ನಡಿಯತ್ತೆ” ಎಂದೆ.

ಆಮೇಲೆ ಕುರಿಗಳನ್ನು ಮಾರಿಸಿದೆವು. ಮಂದೆಯ ಹಿಂದೆ ಹೋದ ಮಾವ ಎರಡು ಸಲ ದಾರಿ ತಪ್ಪಿದ್ದರು. ರೊಪ್ಪ ಖಾಲಿಯಾಯಿತು. ಆದರೆ ಸಂಜೆಯಾಯಿತೆಂದರೆ ಮಾವ ಕೋಲು ಹಿಡಿದು ಮನೆಯ ತಲೆಬಾಗಿಲಲ್ಲಿ ನಿಂತುಬಿಡುತ್ತಿದ್ದರು. ಹೊಲದಿಂದ ಬಂದ ಮಗನನ್ನು ತಡೆದು ತಲೆ ಮುಟ್ಟಿ, “ಕರಿಮೋರೆ... ಬಂತು.” ಸೊಸೆಗೆ, “ಬೆಳ್ಳಿ... ಬಂತು.” ಮೊದಮೊದಲು ಎಲ್ಲರಿಗೂ ತಮಾಷೆ. ಆಮೇಲೆ ಅದೇ ರೂಢಿಯಾಯಿತು. ಯಾರೂ ತಲೆ ಬಗ್ಗಿಸದೆ ಒಳಗೆ ಹೋಗುತ್ತಿರಲಿಲ್ಲ. ನಾನು ಮೋಟುಕಿವಿ. ನನ್ನ ಹೆಂಡತಿಯಂತೂ ಅಲ್ಲಿಗೆ ಹೋದಾಗಲೆಲ್ಲ ತಾನೇ ಮುಂದೆ ಹೋಗಿ ನಿಲ್ಲುತ್ತಿದ್ದಳು. “ಚಂದ್ರಿ... ಬಂತು” ಎನಿಸಿಕೊಂಡು ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊನೆಗೆ ಅತ್ತೆ. ಅವರಿಗೆ ಹೆಸರಿರಲಿಲ್ಲ. “ನೀನು... ಬಂದೆ” ಎನ್ನುತ್ತಿದ್ದರು, ಅಷ್ಟೇ.

ಹೋದ ಭಾನುವಾರವೂ ಹೀಗೇ ಎಲ್ಲರೂ ಒಳಗಾದೆವು. ಮಾವ ಬಾಗಿಲು ಹಾಕಲಿಲ್ಲ.

“ಒಂದು ಬಂದಿಲ್ಲ” ಎಂದರು.

“ಎಲ್ಲಾ ಬಂದೀವಲ್ಲ ಮಾವ, ಯಾವುದು?”

“ಅದೇ... ದಿನಾ ಇಲ್ಲಿ ನಿಂತ್ಕಂತಿದ್ದೋನು. ಬಾಗ್ಲು ಹಾಕೋನು. ಅವನು ಬಂದಿಲ್ಲ.” ಕತ್ತಲಾಗುತ್ತಿದ್ದ ಬೀದಿಯನ್ನು ನೋಡುತ್ತಾ ಕೋಲು ಊರಿ ಹೊರಟೇಬಿಟ್ಟರು.

ಅತ್ತೆ ಹೊರಗೆ ಹೋದರು. ಅಂಗಳದಲ್ಲಿದ್ದ ಮಾವನ ಕೈ ಹಿಡಿದು ಹೊಸ್ತಿಲ ತನಕ ಕರೆತಂದು ನಿಲ್ಲಿಸಿದರು. ಆಮೇಲೆ ತಾವು ಬಾಗಿಲಲ್ಲಿ ನಿಂತು, ಅವರ ತಲೆಯ ಮೇಲೆ ಕೈಯಿಟ್ಟು, ಅವರ ಹೆಸರು ಕೂಗಿದರು. ಮೆಲ್ಲಗೆ, ಪೂರ್ತಿಯಾಗಿ.

“...ಬಂತು” ಎಂದರು.

ಮಾವನ ಮುಖ ಅರಳಿತು. “ಬಂತಾ? ಸದ್ಯ!” ಎನ್ನುತ್ತಾ ಒಳಗೆ ಕಾಲಿಟ್ಟವರು, ಏನೋ ನೆನಪಾದಂತೆ ತಿರುಗಿ ಅತ್ತೆಯ ಮುಖ ನೋಡಿದರು.

“ನೀನ್ಯಾರವ್ವ?”

ಚಿತ್ರದುರ್ಗದ ಆ ಬೆಂಚಿನ ಮೇಲೆ ಕೂತಾಗಿನಿಂದ ಅತ್ತೆ ಹೆದರಿ ಕಾಯುತ್ತಿದ್ದ ಮಾತು ಅದೇ.

“ನಾನಾ?” ಎಂದರು ಅತ್ತೆ. “ನಾನು ಬಾಗ್ಲು ಹಾಕೋಳು. ನಡೀರಿ ಒಳಕ್ಕೆ, ಥಂಡಿ ಐತೆ.”