ಮರುಭೂಮಿಯ ಮಟಮಟ ಮಧ್ಯಾಹ್ನದಲ್ಲಿ ಮಂಜು

ಐವತ್ತು ದಾಟಿದ ಗಂಡಸಿಗೆ ಹೊಸದಾಗಿ ಒಂದು ಹುಚ್ಚು ಹತ್ತಿದರೆ ಅದನ್ನು ಮುಚ್ಚಿಡುವುದು ಬಹಳ ಕಷ್ಟ. ಸಕ್ಕರೆ ಕಾಯಿಲೆ ಬಂದರೆ ಜನ ಮರುಗುತ್ತಾರೆ, ಯೋಗದ ಹುಚ್ಚು ಹಿಡಿದರೆ ಗೌರವ ಕೊಡುತ್ತಾರೆ. ನನಗೆ ಹಿಡಿದದ್ದು ವಿಡಿಯೊ ಗೇಮುಗಳ ಚಿತ್ರದ ಗುಣಮಟ್ಟವನ್ನು ಒಂದಕ್ಕೊಂದು ಹೋಲಿಸುವ ಹುಚ್ಚು. ಆಡುವ ಹುಚ್ಚಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಆಡಲು ನನಗೆ ಬರುವುದೇ ಇಲ್ಲ. ನನ್ನ ಕೈಗೆ ಸಿಕ್ಕಿದ ವೀರಾಧಿವೀರ ಗೋಡೆಗೆ ಮೂಗು ಕೊಟ್ಟುಕೊಂಡು ಇದ್ದಲ್ಲೇ ನಡೆಯುತ್ತಿರುತ್ತಾನೆ, ಹಿಂದಿನಿಂದ ಯಾರೋ ಬಂದು ಅವನನ್ನು ಕೊಂದು ಹೋಗುತ್ತಾರೆ. ನನಗೆ ಅದರ ಬೇಸರವಿಲ್ಲ. ಬೀಳುವಾಗ ಅವನ ನೆರಳೂ ಅವನ ಜೊತೆಗೇ ಬಿತ್ತಲ್ಲ, ಆಹಾ! ಆ ನೆರಳು ಎಷ್ಟು ಚೆನ್ನಾಗಿ ಬಿತ್ತು ಎಂದು ನಾನು ಹೆಂಡತಿಯನ್ನು ಅಡುಗೆಮನೆಯಿಂದ ಕರೆಯುತ್ತೇನೆ. ಅವಳು ಬರುವುದಿಲ್ಲ. "ನಾ ಟಿವಿ ಕೇಳಾಕಿರಿ, ನೋಡಾಕಿ ಅಲ್ಲ. ನೀವ ನೋಡ್ರಿ" ಎಂದು ಅಲ್ಲಿಂದಲೇ ಹೇಳುತ್ತಾಳೆ.

ಈ ಹುಚ್ಚಿಗೆ ಕಾರಣ ನಮ್ಮ ಮಗಳು ಪಲ್ಲವಿ. ಹೈದರಾಬಾದಿನ ಮಣಿಕೊಂಡದ ಹತ್ತಿರ ಒಂದು ಸ್ಟುಡಿಯೊದಲ್ಲಿ ಅವಳಿಗೆ ಕೆಲಸ. ಯಾವುದೋ ದೇಶದವರು ಮಾಡುವ ಆಟಗಳಿಗೆ ಬೇಕಾದ ಸಾಮಾನುಗಳನ್ನು ಇವರು ಇಲ್ಲಿ ಕಂಪ್ಯೂಟರಿನಲ್ಲಿ ತಯಾರಿಸಿ ಕಳಿಸುತ್ತಾರೆ. ನಾಯಕನನ್ನಾಗಲಿ, ರಾಕ್ಷಸನನ್ನಾಗಲಿ ಇವಳ ಕೈಗೆ ಕೊಡುವುದಿಲ್ಲ. ಬುಟ್ಟಿ, ಬಾಗಿಲು, ಮೆಟ್ಟಿಲು, ಮುರಿದ ಗಾಡಿಯ ಚಕ್ರ, ಇಂಥವು ಇವಳ ಪಾಲು. ಈ ಸಲ ಬಂದ ದೊಡ್ಡ ಆಟವೊಂದರಲ್ಲಿ ಒಂದು ಹಳ್ಳಿಯ ಬಾವಿಯನ್ನು ಪೂರ್ತಿಯಾಗಿ ಇವಳೇ ಮಾಡಿದಳು. ಮಗಳು ಮಾಡಿದ ಬಾವಿಯನ್ನು ನೋಡದೆ ಇರುವ ಅಪ್ಪ ಎಂಥ ಅಪ್ಪ? ಹೋದೆ, ಆಟದ ಪೆಟ್ಟಿಗೆಯನ್ನೂ ತಂದೆ, ಅದಕ್ಕೆ ತಕ್ಕ ದೊಡ್ಡ ಟಿವಿಯನ್ನೂ ತಂದೆ. ಲಿಂಗಂಪಲ್ಲಿಯ ನಮ್ಮ ಸಣ್ಣ ಹಾಲಿನಲ್ಲಿ ಆ ಟಿವಿ ಕೂತ ಮೇಲೆ ನಾವು ಗೋಡೆಗೆ ಒರಗಿ ಅಡ್ಡಡ್ಡ ಓಡಾಡಬೇಕಾಯಿತು.

ನಮ್ಮ ಕಾಲದ ಆಟಗಳನ್ನು ನೆನೆದರೆ ನಗು ಬರುತ್ತದೆ. ರಾಯಚೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ವಿಡಿಯೊ ಗೇಮಿನ ಅಂಗಡಿಯಿತ್ತು. ಪರದೆಯ ಮೇಲೆ ನಾಲ್ಕು ಚೌಕ ಒಂದರ ಮೇಲೊಂದು ಕೂತಿದ್ದರೆ ಅದು ಸೈನಿಕ. ಅದೇ ನಾಲ್ಕು ಚೌಕ ಅಡ್ಡ ಮಲಗಿದ್ದರೆ ಸತ್ತ ಸೈನಿಕ. ಹಸಿರು ಚೌಕ ಕಂಡರೆ ಕಾಡು, ನೀಲಿ ಕಂಡರೆ ಸಮುದ್ರ. ನಾವು ಅಷ್ಟನ್ನೇ ನಂಬಿ, ಸೈನಿಕ ಸಮುದ್ರಕ್ಕೆ ಬಿದ್ದರೆ ಉಸಿರು ಬಿಗಿಹಿಡಿಯುತ್ತಿದ್ದೆವು. ಅಂಥವನಿಗೆ ಇವತ್ತು ಕುದುರೆಯ ಬೆವರು ತೋರಿಸಿದರೆ ಹೇಗಾಗಬೇಡ!

ನಾನು ಅಭ್ಯಾಸಕ್ಕೆ ಕೂತೆ. ಬೀಜದ ಕಂಪನಿಯ ಲೆಕ್ಕದ ವಿಭಾಗದಲ್ಲಿ ಕೆಲಸ ಮಾಡುವ ನಾನು ಊಟದ ಬಿಡುವಿನಲ್ಲಿ ಫೋನಿನಲ್ಲಿ ಹೋಲಿಕೆಯ ವಿಡಿಯೊಗಳನ್ನು ನೋಡತೊಡಗಿದೆ. ಪರದೆಯ ಎಡಕ್ಕೊಂದು ಆಟ, ಬಲಕ್ಕೊಂದು ಆಟ. ಇದರ ನೀರು ನೋಡಿ, ಅದರ ನೀರು ನೋಡಿ. ಇದರ ನಾಯಕಿಯ ಕೂದಲು ಗಾಳಿಗೆ ಎಳೆಎಳೆಯಾಗಿ ಹಾರುತ್ತದೆ, ಅದರ ನಾಯಕಿಯ ಕೂದಲು ಟೋಪಿಯ ಹಾಗೆ ಕೂತಿದೆ. ಫ್ರೇಮ್ ರೇಟು, ಟೆಕ್ಸ್ಚರು, ರೇ ಟ್ರೇಸಿಂಗು, ಎಲ್ಲ ನನ್ನ ಬಾಯಿಗೆ ಬಂದವು. ಕಾರಿನ ಆಟದಲ್ಲಿ ಮಳೆಯಾದ ಮೇಲೆ ರಸ್ತೆಯ ನೀರಿನಲ್ಲಿ ಅಂಗಡಿಯ ದೀಪ ತಲೆಕೆಳಗಾಗಿ ಕಾಣುವ ಸೊಗಸನ್ನು ಪಕ್ಕ ಕೂತವರಿಗೆ ವಿವರಿಸುತ್ತಾ ನಾನು ಅಮೀರ್‌ಪೇಟ್‌ನಲ್ಲಿ ಮೆಟ್ರೊ ಬದಲಿಸುವುದನ್ನೇ ಮರೆತಿದ್ದೇನೆ. ಆದರೆ ಎಲ್ಲ ಹೋಲಿಕೆಗಳ ಕೊನೆಗೆ ನನ್ನ ತೀರ್ಪು ಒಂದೇ. ನನ್ನ ಮಗಳ ಆಟದ ಮಂಜಿಗೆ ಸಮನಾದದ್ದು ಎಲ್ಲಿಯೂ ಇಲ್ಲ.

ಹೌದು, ಮಂಜು! ಬಾವಿಯ ಸುತ್ತ, ಮನೆಗಳ ಮೇಲೆ, ಬೇವಿನ ಮರದಂಥ ಒಂದು ಮರದ ನೆತ್ತಿಯ ಮೇಲೆ, ಹಾಲಿಗೆ ನೀರು ಬೆರೆಸಿದ ಬಣ್ಣದ ತೆಳ್ಳನೆಯ ಮಂಜು. ಅಲ್ಲಲ್ಲಿ ದಟ್ಟ, ಅಲ್ಲಲ್ಲಿ ತಿಳಿ. ಟಿವಿಯಲ್ಲಿ ನಾನು ನೋಡುತ್ತಿದ್ದದ್ದು ಆ ಒಂದೇ ಆಟ. ಫೋನಿನ ವಿಡಿಯೊಗಳಲ್ಲಿ ಮಂಜು ಕಾಣುತ್ತಲೇ ಇರಲಿಲ್ಲ. ಪಾಪ, ಅಂಗೈಯಷ್ಟು ಪರದೆ ಎಲ್ಲಿಂದ ತೋರಿಸಬೇಕು ಎಂದುಕೊಂಡೆ. ಆಫೀಸಿನಲ್ಲಿ ಪಕ್ಕದ ಮೇಜಿನ ವೆಂಕಟೇಶಂಗೂ ಎದುರಿನ ಮೇಜಿನ ಖಾದರ್‌ಗೂ ಆ ಮಂಜನ್ನು ಎಷ್ಟು ವರ್ಣಿಸಿದೆನೆಂದರೆ, ಖಾದರ್ "ಅರೆ ಸಾಬ್, ಏಕ್ ಇತ್ವಾರ್ ಬುಲಾವ್, ದೇಖ್ ಲೇತೇ" ಎಂದು ಒಂದು ಭಾನುವಾರ ನಮ್ಮ ಮನೆಗೆ ಬರಲು ತನಗೆ ತಾನೇ ಆಹ್ವಾನ ಕೊಟ್ಟುಕೊಂಡ.

ಪಲ್ಲವಿಗೂ ದಿನವೂ ಫೋನು ಮಾಡುತ್ತಿದ್ದೆ. ಅವಳು ಗೆಳತಿಯರ ಜೊತೆ ಆಫೀಸಿನ ಪಕ್ಕದಲ್ಲೇ ಮನೆ ಮಾಡಿದ್ದಾಳೆ. ಹೊಸ ಆಟದ ಗಡಿಬಿಡಿಯಲ್ಲಿ ಭಾನುವಾರವೂ ಕೆಲಸವಿದ್ದದ್ದರಿಂದ ಟಿವಿ ತಂದಮೇಲೆ ಮನೆಗೇ ಬಂದಿರಲಿಲ್ಲ.

"ಮಂಜು ಮಾತ್ರ ಭಾರಿ ಐತಿ ನೋಡವಾ" ಎನ್ನುತ್ತಿದ್ದೆ.

"ಅಪ್ಪಾ, ಅಲ್ಲಿ ಮಂಜು ಇಲ್ಲ. ಅದು ಮಧ್ಯಾಹ್ನದ ಬಿಸಿಲು."

"ಇರ್ಲಿ ಬಿಡು, ನೀ ಹಂಗ ಅಂತಿ."

ದೊಡ್ಡ ಕಲಾವಿದರು ಹೀಗೆಯೇ ವಿನಯದಿಂದ ಮಾತಾಡುತ್ತಾರೆ ಎಂದು ನಾನು ಕಣ್ಣು ಒದ್ದೆ ಮಾಡಿಕೊಂಡು ಫೋನು ಇಡುತ್ತಿದ್ದೆ.

ಈಗ ನನ್ನ ಹೆಂಡತಿಯ ಅಣ್ಣ ಶರಣಪ್ಪನವರ ವಿಷಯಕ್ಕೆ ಬರಬೇಕು. ಅಮೀರ್‌ಪೇಟ್‌ನಲ್ಲಿ ಸಾಫ್ಟ್‌ವೇರ್ ಕಲಿಸುವ ಇನ್‌ಸ್ಟಿಟ್ಯೂಟ್ ನಡೆಸುತ್ತಾರೆ. ಮನುಷ್ಯ ಬಂಗಾರ, ಬಾಯಿ ಮಾತ್ರ ಕಾದ ಹಂಚು. ಪಲ್ಲವಿಯನ್ನು ಹೆಗಲ ಮೇಲೆ ಕೂಡಿಸಿಕೊಂಡು ಬೆಳೆಸಿದವರು, ಅವಳಿಗೆ ಮೊದಲ ಬಣ್ಣದ ಪೆಟ್ಟಿಗೆ ತಂದುಕೊಟ್ಟವರೂ ಅವರೇ. ಆದರೆ ಅವಳು ಈ ಕೆಲಸಕ್ಕೆ ಸೇರಿದ ದಿನದಿಂದ ಅವರಿಗೆ ಸಮಾಧಾನವಿಲ್ಲ. "ಭಾವಾರ, ಆಟದ ಸಾಮಾನು ಮಾಡೂದು ನೌಕ್ರಿ ಹೆಂಗ ಆಗ್ತೈತ್ರಿ? ನಮ್ಮ ಇನ್‌ಸ್ಟಿಟ್ಯೂಟಿಗೆ ಕಳಸ್ರಿ. ಬ್ಯಾಂಕಿನ ಸಾಫ್ಟ್‌ವೇರ್ ಕಲಿಸಿ ಛಂದಾಗಿ ಒಂದ ಕಡಿ ಕೂಡಸ್ತೀನಿ" ಎಂದು ಮದುವೆ, ಮುಂಜಿ, ತೊಟ್ಟಿಲು, ಎಲ್ಲಿ ಸಿಕ್ಕರೂ ಇದೇ ಮಾತು. ಅವರ ಹೊಸ ಬ್ಯಾಚು ಶುರುವಾಗುವುದಿತ್ತು. ಈ ಭಾನುವಾರ ಬಂದು ಸೇರಿಸಿಯೇ ಹೋಗುತ್ತೇನೆ ಎಂದು ಹೇಳಿ ಕಳಿಸಿದರು.

ನಾನು ಪಲ್ಲವಿಗೆ ಫೋನು ಮಾಡಿದರೆ ಅವಳ ದನಿ ಸೋತಿತ್ತು. "ಬರ್ತೀನಪ್ಪಾ. ಮಾಮಾ ನನ್ನ ಕೆಲಸ ಒಮ್ಮೆ ಕಣ್ತುಂಬ ನೋಡ್ಲಿ. ನೋಡಿದ ಮ್ಯಾಲೂ ಇದೇನು ಅಂದ್ರ, ಬ್ಯಾಚ್ ಸೇರಿಬಿಡ್ತೀನಿ. ಬ್ಯಾರೆ ಯಾರ ಏನಂದ್ರೂ ನಡೀತೈತಿ, ಮಾಮಾ ಅಂದ್ರ ನನಗ ತಡಿಯಾಕ ಆಗಂಗಿಲ್ಲ." ಮಗಳ ಕೆಲಸ ಈಗ ನನ್ನ ಹಾಲಿನಲ್ಲಿ, ನನ್ನ ಟಿವಿಯ ಮುಂದೆ, ನನ್ನ ವಾದದ ಬಲದಿಂದ ಉಳಿಯಬೇಕಾಗಿತ್ತು! ಹೆದರಿಕೆ ಒಂದು ಕಡೆ, ಹುರುಪು ಇನ್ನೊಂದು ಕಡೆ. ಮಂಜು ನನ್ನ ಪಕ್ಷದಲ್ಲಿರುವಾಗ ಭಯವೇಕೆ ಎಂದು ಧೈರ್ಯ ತಂದುಕೊಂಡೆ.

ಹೆಂಡತಿ ಮನೆಯನ್ನು ಒಪ್ಪ ಮಾಡಿದಳು. ಅವಳ ಒಪ್ಪವೆಂದರೆ ಮುಚ್ಚುವುದು. ಹೊಸ ವಸ್ತುವಿನ ಮೈಮೇಲಿನ ಪ್ಲಾಸ್ಟಿಕ್ ತೆಗೆದರೆ ಅದು ಅವತ್ತೇ ಹಳೆಯದಾಯಿತು ಎಂಬುದು ಅವಳ ತವರಿನಿಂದ ಬಂದ ನಂಬಿಕೆ. ನಮ್ಮ ಸೋಫಾ ತಂದಾಗಿನ ಹಾಳೆಯಲ್ಲೇ ಇದೆ, ಬೇಸಿಗೆಯಲ್ಲಿ ಕೂತವರು ಎದ್ದಾಗ ಚರ್ಮ ಕಿತ್ತ ಸದ್ದಾಗುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಗಡಿಯ ಹಾಳೆ ಹಾಗೆಯೇ ಇದೆ. ರಿಮೋಟಿಗೆ ಕವರು, ಆ ಕವರಿಗೆ ರಬ್ಬರ್ ಬ್ಯಾಂಡು. ಟಿವಿ ಕೂಡಿಸಲು ಬಂದವನು ಪರದೆಯ ಮೂಲೆಗೆ ಕೈ ಹಾಕಿದಾಗಲೂ ಇವಳು "ಏ ಭೈಯಾ, ಹಾತ್ ಮತ್ ಲಗಾವ್, ನಯಾ ಹೈ" ಎಂದು ಗದರಿಸಿ ಕಳಿಸಿದ್ದಳು. ನಾನೂ "ಹೌದು, ಇರಲಿ ಬಿಡಿ" ಎಂದಿದ್ದೆ.

ಭಾನುವಾರ ಶರಣಪ್ಪನವರು ಬಂದರು. ಕೈಯಲ್ಲಿ ಒಂದು ಡಿಸ್ಕು! ಅವರ ಮಗ ಆಡುವ ಮರುಭೂಮಿಯ ಆಟವಂತೆ. "ಈ ವರ್ಷದಾಗ ಇದರಷ್ಟು ಛಂದನ ಚಿತ್ರ ಇನ್ನೊಂದಿಲ್ಲ ಅಂತಾನ್ರಿ ನಮ್ಮ ಹುಡುಗ. ಎರಡೂ ಹಾಕಿ ನೋಡೇಬಿಡೂಣು" ಎಂದರು. ಅಂದರೆ ಹೋಲಿಕೆ! ನನಗೆ ಮೈಯೆಲ್ಲ ಜುಮ್ಮೆಂದಿತು. ಪಲ್ಲವಿ ಬಂದವಳೇ ಚಪ್ಪಲಿ ಬಿಟ್ಟು ಮಾಮಾನ ಕಾಲಿಗೆ ನಮಸ್ಕಾರ ಮಾಡಿ, ಮುಖ ತಪ್ಪಿಸಿಕೊಂಡು, ಮಿರ್ಚಿ ಭಜಿ ಕರಿಯುತ್ತಿದ್ದ ತಾಯಿಯ ಬಳಿಗೆ ಅಡುಗೆಮನೆ ಸೇರಿದಳು. ಟಿವಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಮೊದಲು ಮಗಳ ಆಟ ಹಾಕಿದೆ. ವೀರನನ್ನು ಹೇಗೋ ಬಾವಿಯ ತನಕ ತಂದು ನಿಲ್ಲಿಸಿ, ಎದ್ದು ನಿಂತು ಭಾಷಣ ಶುರು ಮಾಡಿದೆ. "ನೋಡ್ರಿ ಶರಣಪ್ನೋರ, ಆ ಮಂಜು ನೋಡ್ರಿ! ಎಲ್ಲಿ ಬೇಕೋ ಅಲ್ಲಿ ದಟ್ಟ, ಎಲ್ಲಿ ಬ್ಯಾಡೋ ಅಲ್ಲಿ ತಿಳಿ."

ಶರಣಪ್ಪನವರು ಕನ್ನಡಕ ಏರಿಸಿದರು, ಇಳಿಸಿದರು. "ಬರೇ ಮಂಜ ಐತಲ್ರಿ. ಬಾವಿ ಎಲ್ಲೈತಿ? ಕೆಲಸ ಬರದವರು ಮ್ಯಾಲ ಮಂಜು ಹೊಚ್ಚಿ ಕೈ ತೊಳಕೊಂಡಾರ ನೋಡ್ರಿ. ಇದಕ್ಕ ಪಗಾರ ಬ್ಯಾರೆ ಕೊಡ್ತಾರ?"

ಒಳಗೆ ಎಣ್ಣೆಯ ಚುಂಯ್ ಸದ್ದು ನಿಂತದ್ದು ಕೇಳಿಸಿತು, ಎಂದರೆ ಪಲ್ಲವಿ ಕೇಳಿಸಿಕೊಂಡಿದ್ದಳು. ಇಷ್ಟು ದಿನ ನಾನು ಹೊತ್ತು ಮೆರೆಸಿದ ಮಂಜೇ ಅವಳ ಕುತ್ತಿಗೆಗೆ ಬಂದಿತ್ತು. "ಈಗ ನಿಮ್ಮದು ಹಾಕ್ರಿ ನೋಡೂಣು" ಎಂದು ಡಿಸ್ಕು ಬದಲಿಸಿದೆ. ಮರುಭೂಮಿ ಬಂತು. ನೆತ್ತಿಯ ಮೇಲೆ ಸೂರ್ಯ, ಒಂಟೆ, ಮರಳು. ಮರಳಿನ ಮೇಲೆಲ್ಲ ಮಂಜು!

ನಾನು ಕುಣಿದಾಡಿಬಿಟ್ಟೆ. "ಕದ್ದಾರ್ರಿ! ನಮ್ಮ ಹುಡುಗೀ ಮಂಜು ಇವರೂ ಕದ್ದಾರ!"

"ಹುಚ್ಚ ಹಿಡದೈತೇನ್ರಿ ಭಾವಾರ? ಮಟಮಟ ಮಧ್ಯಾಹ್ನ, ಮರುಭೂಮ್ಯಾಗ ಮಂಜು ಎಲ್ಲಿಂದ ಬರಬೇಕು? ನಮ್ಮ ಮನ್ಯಾಗ ಇರಲೇ ಇಲ್ಲ ಇದು!"

ಅಷ್ಟರಲ್ಲಿ ಪಲ್ಲವಿ ಭಜಿಯ ತಟ್ಟೆ ಹಿಡಿದು ಹೊರಗೆ ಬಂದಳು. ಟಿವಿ ನೋಡಿದಳು. ನನ್ನನ್ನು ನೋಡಿದಳು. ತಟ್ಟೆಯನ್ನು ಸೋಫಾದ ಪ್ಲಾಸ್ಟಿಕ್ಕಿನ ಮೇಲಿಟ್ಟು, ನೆಟ್ಟಗೆ ಹೋಗಿ ಪರದೆಯ ಮೇಲಿನ ಮೂಲೆಗೆ ಉಗುರು ಹಾಕಿ ಎಳೆದಳು. ಚರ್‌ರ್‌ರ್ ಎಂದು ಟಿವಿಯ ಉದ್ದಕ್ಕೂ ಒಂದು ಹಾಳೆ ಕಿತ್ತು ಬಂತು.

"ಅಯ್ಯಯ್ಯ, ಹೊಸಾ ಟಿವಿ ಹರದ್ಯಲ್ಲೇ!" ಎಂದು ಹೆಂಡತಿ ಜಾಲರಿ ಸೌಟು ಹಿಡಿದೇ ಓಡಿಬಂದಳು.

ಅದು ಕಾರ್ಖಾನೆಯ ಹಾಳೆ. ನವರಾತ್ರಿಯಲ್ಲಿ ಟಿವಿ ತಂದ ದಿನವೇ ಅದಕ್ಕೂ ಪೂಜೆ ಮಾಡಿ ಮೂರು ಬೆರಳಿನ ವಿಭೂತಿ ಎಳೆದಿದ್ದೆವು. ಮಾರನೆಯ ದಿನ ನಾನೇ ಒದ್ದೆ ಬಟ್ಟೆಯಿಂದ ಶ್ರದ್ಧೆಯಾಗಿ ಒರೆಸಿದ್ದೆ. ವಿಭೂತಿ ಹೋಗಿರಲಿಲ್ಲ, ಹಾಳೆಯ ತುಂಬ ಹರಡಿತ್ತು, ಅಲ್ಲಲ್ಲಿ ದಟ್ಟ, ಅಲ್ಲಲ್ಲಿ ತಿಳಿ. ನಾನು ಆಫೀಸಿನಲ್ಲಿ ಹೊಗಳುತ್ತಿದ್ದದ್ದು ನನ್ನ ಕೈಕೆಲಸವನ್ನೇ.

ಪಲ್ಲವಿ ತನ್ನ ಆಟವನ್ನು ಮತ್ತೆ ಹಾಕಿ ಬಾವಿಯ ಕಟ್ಟೆಯ ಹತ್ತಿರಕ್ಕೆ ಹೋದಳು. ಅಬ್ಬಾ! ಎಂಥ ಬಿಸಿಲು! ಕಲ್ಲಿನ ಮೇಲೆ ಬಿಸಿಲು ಬಿದ್ದು ಅಂಚು ಹೊಳೆಯುತ್ತಿತ್ತು, ಸಂದಿಯಲ್ಲಿ ಪಾಚಿ, ಕಟ್ಟೆಯ ಮೇಲೆ ಕೊಡ ಇಟ್ಟು ಇಟ್ಟು ಆದ ದುಂಡನೆಯ ಗುಳಿ. ಕಟ್ಟೆಯ ಅಂಚಿಗೆ ಹಗ್ಗ ತಿಕ್ಕಿ ತಿಕ್ಕಿ ಬಿದ್ದ ಗೆರೆಗಳು. ಶರಣಪ್ಪನವರು ಸೋಫಾದಿಂದ ಸದ್ದು ಮಾಡುತ್ತಾ ಎದ್ದರು. ಪರದೆಯ ಹತ್ತಿರ ಹೋದರು. ಇನ್ನೂ ಹತ್ತಿರ ಹೋದರು.

"ಏ ಪಲ್ಲವಿ, ಈ ಗೆರಿ ಎಲ್ಲಾ ಎಡಕ್ಕ ಯಾಕ ಅದಾವು?"

"ಅಜ್ಜಿ ಎಡಗೈಲೆ ಸೇದತಿದ್ಲಲ್ಲ ಮಾಮಾ."

ಅವರು ಪರದೆಯ ಮೇಲೆ ಬೆರಳಿಟ್ಟು ತಮ್ಮ ತಾಯಿಯ ಹಗ್ಗದ ಗೆರೆಗಳನ್ನು ಸವರಿದರು. ಬೋರ್‌ವೆಲ್ ಬಂದಮೇಲೆ ಊರಿನ ತಮ್ಮ ಮನೆಯ ಹಿತ್ತಲ ಬಾವಿಗೆ ಚಪ್ಪಡಿ ಹಾಕಿ ಮುಚ್ಚಿಸಿದವರು ಅವರೇ. ಆ ಬಾವಿ ಈಗ ಯಾವುದೋ ದೇಶದ ರಾಜನ ಹಳ್ಳಿಯ ನಡುವೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿತ್ತು.

"ಹಗ್ಗದ ಗುರ್ತು ಯಾಕ ಬೇಕು, ಆಡಾವರು ಯಾರೂ ಇದನ್ನ ನೋಡಂಗಿಲ್ಲ ಅಂತ ಆಫೀಸಿನ್ಯಾಗ ಅಂದ್ರು ಮಾಮಾ" ಎಂದಳು ಪಲ್ಲವಿ, ಸಣ್ಣ ದನಿಯಲ್ಲಿ.

"ಯಾರೂ ನೋಡಂಗಿಲ್ಲಂತ? ನಾ ನೋಡಾಕತ್ತೀನಲ್ಲ!" ಎಂದು ಶರಣಪ್ಪನವರು ಗುಡುಗಿದರು. ಕಣ್ಣೊರೆಸಿಕೊಂಡರು, ಒಂದು ಭಜಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ಖಾರಕ್ಕೆ ಕಣ್ಣೀರು ಬಂತೆಂಬಂತೆ ಹಾ ಹೂ ಎಂದರು. "ಬ್ಯಾಚು ಗೀಚು ಸುಡ್ಲಿ. ಆ ಕಡಿ ತಿರುಗಿಸು, ಅರಿವಿ ಒಗಿಯೂ ಕಲ್ಲು ಹಾಕಿಯೇನು?" ಹಾಕಿದ್ದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಬಂದು ನಮ್ಮ ವೀರನನ್ನು ಕೊಂದರು. "ಏ, ಯಾವನಲೇ ಅವ? ನಿಂದ್ರೋ, ನಮ್ಮವ್ವನ ಬಾವಿ ನೋಡಾಕತ್ತೀವಿ!" ಎಂದು ಅವರು ಪರದೆಯ ಮೇಲೇ ರೇಗಿದರು. ಪಲ್ಲವಿ ನಕ್ಕಳು. ಅಷ್ಟು ದೊಡ್ಡದಾಗಿ ಅವಳು ನಕ್ಕು ಬಹಳ ದಿನವಾಗಿತ್ತು. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ!

ಹೊರಡುವಾಗ ಅವಳು ನನ್ನ ಪಕ್ಕ ಬಂದು ಮೆಲ್ಲಗೆ, "ಅಪ್ಪಾ, ನೀ ದಿನಾ ಮಂಜು ಮಂಜು ಅಂದಾಗ, ನೋಡಲಾರದನ ಹೊಗಳಾಕತ್ತೀ ಅನ್ಕೊಂಡಿದ್ದೆ" ಎಂದಳು.

"ಇಲ್ಲವಾ, ನಾ ದಿನಾ ನೋಡ್ತಿದ್ದೆ" ಎಂದೆ. ಅದು ಸತ್ಯವೇ. ಏನನ್ನು ನೋಡುತ್ತಿದ್ದೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಒಂದೇ ತೊಂದರೆ ಉಳಿದಿದೆ. ಬರುವ ಭಾನುವಾರ ವೆಂಕಟೇಶಂ ಮತ್ತು ಖಾದರ್ ಮಂಜು ನೋಡಲು ನಮ್ಮ ಮನೆಗೆ ಬರುತ್ತಿದ್ದಾರೆ. ಅವರಿಗೆ ಬಾವಿಯನ್ನೇ ತೋರಿಸುತ್ತೇನೆ, ಹಗ್ಗದ ಗೆರೆಯನ್ನು ಬೆರಳಿಟ್ಟು ತೋರಿಸುತ್ತೇನೆ. ಮಂಜೆಲ್ಲಿ ಎಂದು ಕೇಳಿದರೆ, ಬಿಸಿಲೇರಿತು, ಕರಗಿತು ಎನ್ನುತ್ತೇನೆ. ಅವರು ಅಷ್ಟಕ್ಕೂ ಒಪ್ಪದಿದ್ದರೆ, ಆ ಹಾಳೆಯನ್ನು ಮಡಚಿ ಹಾಸಿಗೆಯ ಕೆಳಗೆ ಇಟ್ಟಿದ್ದೇನೆ.