ನಾಲ್ಕನೇ ಮೆಟ್ಟಿಲು

ಬಾಡಿಗೆ ಮನೆಯನ್ನು ಬೈಯುವುದು ಒಂದು ಸುಖ. ಸ್ವಂತ ಮನೆಯಾದರೆ ಬೈದವರೇ ರಿಪೇರಿ ಮಾಡಿಸಬೇಕು. ಇಲ್ಲಿ ಆ ಅಪಾಯವಿಲ್ಲ. ಬ್ಯಾಡಗಿಯ ಈ ಮೂರಂತಸ್ತಿನ ಹಳೆಯ ಕಟ್ಟಡದಲ್ಲಿ ಒಂಬತ್ತು ವರ್ಷದಿಂದ ನಾನು ಆ ಸುಖವನ್ನು ಮನಸಾರೆ ಅನುಭವಿಸಿದ್ದೇನೆ. ಶಾಲೆಯ ಸ್ಟಾಫ್ ರೂಮಿನಲ್ಲಿ ನಮ್ಮ ಅಡುಗೆಮನೆಯ ಗೋಡೆಯ ಬಿರುಕನ್ನು ವರ್ಣಿಸಲು ಶುರುಮಾಡಿದರೆ ಗಂಟೆ ಬಾರಿಸಿದ್ದೂ ನನಗೆ ಕೇಳುವುದಿಲ್ಲ. ಆದರೆ ಆ ಬಿರುಕಿನಿಂದ ಪಕ್ಕದ ಮನೆಯ ಒಗ್ಗರಣೆಯ ಘಮ ಬರುತ್ತದೆ, ಅದನ್ನು ಮೂಸಿಯೇ ನನ್ನ ಹೆಂಡತಿ ಶಾರದಾ, ಆ ಮನೆಯವರು ಮಾಡದ ಪಲ್ಯ ಮಾಡಿ ಬಟ್ಟಲು ಬದಲಾಯಿಸಿಕೊಳ್ಳುತ್ತಾಳೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿದ ದಿನ ಇಡೀ ಕಟ್ಟಡ ಸೀನುತ್ತದೆ. ಸೀನು ಕೇಳಿಯೇ ಯಾರ್ಯಾರು ಮನೆಯಲ್ಲಿದ್ದಾರೆಂದು ಹೇಳಬಲ್ಲೆ.

ಎಲ್ಲಕ್ಕಿಂತ ದೊಡ್ಡ ಸುಖ ನಾಲ್ಕನೇ ಮೆಟ್ಟಿಲು. ಅದರ ಅರ್ಧ ಎಂದೋ ಒಡೆದುಹೋಗಿತ್ತು. ನಾವೆಲ್ಲ ಮೂರರಿಂದ ನೇರ ಐದಕ್ಕೆ ಕಾಲಿಡುವವರು. ಹೊಸಬರು ಮಾತ್ರ ತಪ್ಪದೆ ಎಡವುತ್ತಿದ್ದರು. ಕೆಳಗಿನ ಮನೆಯೊಳಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತ ಖೈರುನ್ ಚಾಚಿ, ಧಡ್ ಎಂದ ಕೂಡಲೇ, “ಹೊಸಬರು ಬಂದಾರ್ರೀ, ಚಾಕ್ಕ ಇಡ್ರಿ!” ಎಂದು ಕೂಗುತ್ತಿದ್ದರು. ಬಂದವರು ಮೊಣಕಾಲು ಉಜ್ಜಿಕೊಳ್ಳುತ್ತ ಮೇಲೆ ತಲುಪುವಷ್ಟರಲ್ಲಿ ಕುರ್ಚಿಯ ಮೇಲಿನ ಬಟ್ಟೆಯ ರಾಶಿ ಮಾಯವಾಗಿ, ನಾನು ಬನಿಯನ್ನಿನ ಮೇಲೆ ಅಂಗಿ ಏರಿಸಿ ಮರ್ಯಾದಸ್ಥನಾಗಿ ಕೂತಿರುತ್ತಿದ್ದೆ. ಯಾವ ಕರೆಗಂಟೆಗೂ ಅಷ್ಟು ಬುದ್ಧಿಯಿಲ್ಲ.

ಹೋದ ವಾರ ಶಾರದಾಳ ಅಕ್ಕ ಅಲ್ಲಿ ಎಡವಿ, “ಇದೂ ಒಂದ್ ಮನಿ ಏನ?” ಎಂದುಬಿಟ್ಟಳು. ಶಾರದಾಳಿಗೆ ಅದು ಚುಚ್ಚಿತು. “ರಾಣೇಬೆನ್ನೂರಾಗ ಹೊಸಾ ಫ್ಲ್ಯಾಟ್ ಅದಾವಂತ, ಹೋಗಿಬಿಡೂಣ್ರಿ” ಎಂದಳು. ನನಗೂ ರೋಷ ಬಂತು. ಹಾವೇರಿಯಲ್ಲಿರುವ ಮಾಲೀಕರಿಗೆ ವಾಟ್ಸಾಪಿನಲ್ಲಿ, ಮೇಷ್ಟರ ಚಟದಂತೆ ಅಂಕಿ ಹಾಕಿ, ಹನ್ನೆರಡು ತಕರಾರು ಬರೆದು, ಸರಿಪಡಿಸದಿದ್ದರೆ ಮನೆ ಬಿಡುತ್ತೇವೆ ಎಂದು ಮುಗಿಸಿದೆ. ಮೊದಲನೆಯದೇ ನಾಲ್ಕನೇ ಮೆಟ್ಟಿಲು.

ಭಾನುವಾರ ರಾಣೇಬೆನ್ನೂರಿಗೆ ಹೋದೆವು. ಲಿಫ್ಟ್ ಇತ್ತು, ಕರೆಂಟ್ ಇರಲಿಲ್ಲ. ಫಳಫಳ ಹೊಳೆಯುವ ಮೆಟ್ಟಿಲು. ಒಂದು, ಎರಡು, ಮೂರು ಹತ್ತಿದ ನಾವಿಬ್ಬರೂ ಒಟ್ಟಿಗೇ ಕಾಲೆತ್ತಿ ಐದಕ್ಕೆ ದಾಟಿದೆವು. ಮನೆ ತೋರಿಸಲು ಬಂದವರು, “ಯಾಕ್ರೀ ಸರ, ಏನರ ಬಿದ್ದೈತೇನು?” ಎಂದು ಬಗ್ಗಿ ನೋಡಿದರು. ಶಾರದಾ ಸೆರಗು ಬಾಯಿಗೊತ್ತಿ ನಕ್ಕಳು. ಮನೆ ಚೆನ್ನಾಗಿಯೇ ಇತ್ತು. ಎಲ್ಲ ಬಾಗಿಲೂ ಮುಚ್ಚಿದ್ದವು, ಒಂದು ಸೀನೂ ಕೇಳಲಿಲ್ಲ. ಮರಳುವ ಬಸ್ಸಿನಲ್ಲಿ ಅವಳೇ, “ಬ್ಯಾಡ ಬಿಡ್ರಿ. ಅಲ್ಲಿ ಯಾರ್ ಬಂದ್ರೂ ಗೊತ್ತಾಗಂಗಿಲ್ಲ” ಎಂದಳು. ನನಗೆ ಹೋದ ಜೀವ ಬಂದಂತಾಯಿತು.

ಆ ಹುರುಪಿನಲ್ಲೇ ನಮ್ಮ ಮೆಟ್ಟಿಲು ಹತ್ತಿದೆ. ಮೂರರಿಂದ ಐದಕ್ಕೆ ಕಾಲು ಚಾಚಿದ್ದೇ ತಡ, ಹೆಬ್ಬೆರಳು ಏನಕ್ಕೋ ಬಡಿದು ಧಡ್ ಎಂದು ಬಿದ್ದೆ. ಒಂಬತ್ತು ವರ್ಷ ಮಿಸುಕದ ಮಾಲೀಕರು, ಹಳೆಯ ಬಾಡಿಗೆದಾರ ಮನೆ ಬಿಟ್ಟಾನೆಂದು ಹೆದರಿ, ಬೆಳಿಗ್ಗೆ ನಾವು ಹೊರಟ ಮೇಲೆ ಗೌಂಡಿಯನ್ನು ಕಳಿಸಿದ್ದರು. ಆತ ಧಾರಾಳವಾಗಿ ಸಿಮೆಂಟು ಮೆತ್ತಿ ನಾಲ್ಕನೇ ಮೆಟ್ಟಿಲನ್ನು ನಾಲ್ಕು ಬೆರಳು ಎತ್ತರಿಸಿದ್ದ.

“ಹೊಸಬರು ಬಂದಾರ್ರೀ, ಚಾಕ್ಕ ಇಡ್ರಿ!” ಒಳಗಿನಿಂದ ಚಾಚಿಯ ದನಿ.

“ನಾನ ಅದೀನ್ರಿ ಚಾಚಿ” ಎಂದೆ.

ಚಾಚಿ ಹೊರಗೆ ಬಂದರು. “ಅಯ್ಯ, ಮಾಸ್ತರ್ರ! ಮಧ್ಯಾಹ್ನದಿಂದ ಇಲ್ಲೇ ಇರೋ ಮಂದಿ ಎಲ್ಲಾ ಎಡವಾಕತ್ತಾರ. ಹೊಸಬ ಒಬ್ಬಾಂವ ಬಂದಿದ್ದ, ಸದ್ದಿಲ್ಲದ ಮ್ಯಾಲ ಹೋಗ್ಯಾನ. ಖರೇ ಹೇಳ್ರಿ, ಇಂಥಾ ಛಲೋ ಮೆಟ್ಟಲಾ ಕೆಡಸಾಕ ಯಾರ್ ತಕರಾರ ಕೊಟ್ಟಿರಬೇಕು?”

ಶಾರದಾ ನನ್ನ ಮುಖ ನೋಡಿದಳು. ನಾನು ಹೆಬ್ಬೆರಳು ಹಿಡಿದುಕೊಂಡೇ, “ಎಂಥೆಂಥಾ ಮಂದಿ ಇರ್ತಾರ್ ನೋಡ್ರಿ ಚಾಚಿ” ಎಂದೆ.

ಮನೆಯೊಳಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಮಾಲೀಕರಿಗೆ ಫೋನು ಹಚ್ಚಿ ಉಳಿದ ಹನ್ನೊಂದು ತಕರಾರನ್ನೂ ವಾಪಸ್ ಪಡೆದೆ. ಎರಡನೆಯದು ಅಡುಗೆಮನೆಯ ಬಿರುಕು.